ಚಿಲ್ಟರ್ನ್ ಗುಡ್ಡಗಳಲ್ಲಿ ತಡಬೆ ರಿಪೇರಿ: ನನ್ನ ಅನುಭವ

ತಡಬೆ, ಅಂದರೆ ಬೇಲಿ ದಾಟುವ ಮರದ ಮೆಟ್ಟಿಲು, ಅದರ ರಿಪೇರಿಗೆ ಹೋದಾಗ ಮೊದಲು ನೋಡಬೇಕಾದ್ದು ಮೆಟ್ಟಿಲನ್ನಲ್ಲ, ಕಂಬದ ಬುಡವನ್ನು. ಹಲಗೆ ಮುರಿದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಕಂಬ ಹಾಗಲ್ಲ. ಮೇಲೆ ಗಟ್ಟಿಯಾಗಿ ಕಾಣುತ್ತದೆ, ನೆಲದ ಮಟ್ಟದಲ್ಲಿ ಕೊಳೆತಿರುತ್ತದೆ. ಗಾಳಿ, ತೇವ ಎರಡೂ ಸಿಗುವ ಜಾಗ ಅದೇ ಅಲ್ವಾ. ಅಲ್ಲಿ ಸ್ವಲ್ಪ ಮಣ್ಣು ಕೆದರಿ ಸ್ಕ್ರೂಡ್ರೈವರ್ ತುದಿ ಒತ್ತುತ್ತೇನೆ. ಸಲೀಸಾಗಿ ಒಳಗೆ ಹೋಯಿತೋ, ಹೊಸ ಹಲಗೆ ಹೊಡೆದು ಪ್ರಯೋಜನವಿಲ್ಲ. ಕಂಬವನ್ನೇ ಕೀಳಬೇಕು.

ನಾನಿರುವುದು ಲಂಡನ್ನಿನ ವಾಯವ್ಯಕ್ಕಿರುವ ಚಿಲ್ಟರ್ನ್ ಗುಡ್ಡಗಳ ಸೀಮೆಯಲ್ಲಿ. ಇಲ್ಲಿ ಸ್ಟೈಲ್ (stile) ಅನ್ನುವುದು ನಮ್ಮ ಮಲೆನಾಡಿನ ತಡಬೆಯೇ. ಬೇಲಿ ದಾಟಲು ಮನುಷ್ಯರಿಗೆ ಮೆಟ್ಟಿಲು, ದನ-ಕುರಿಗೆ ಅಡ್ಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕರಿಗೆ ಹಕ್ಕಿರುವ ದಾರಿಗಳು ಸುಮಾರು 1,40,000 ಮೈಲಿಯಷ್ಟಿವೆ. ಎಷ್ಟೋ ಕಡೆ ಅವು ಖಾಸಗಿ ಹೊಲ, ಹುಲ್ಲುಗಾವಲುಗಳ ನಡುವೆಯೇ ಹಾದುಹೋಗುತ್ತವೆ. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ತಡಬೆಯನ್ನು ಸರಿಯಾಗಿ ಇಡುವುದು ಜಮೀನಿನವರ ಹೊಣೆ. ಖರ್ಚಿನಲ್ಲಿ ಕನಿಷ್ಠ ಕಾಲುಭಾಗವನ್ನು ಅವರು ಸ್ಥಳೀಯ ಆಡಳಿತದಿಂದ ಕೇಳಬಹುದು. ಆದರೆ ರೈತರಿಗೆ ಬಿಡುವಿಲ್ಲ, ಆಡಳಿತಕ್ಕೆ ಕೈ ಸಾಲದು. ಆ ಸಂದಿಯಲ್ಲೇ ನಮ್ಮಂಥ ಸ್ವಯಂಸೇವಕರ ಕೆಲಸ ಇರುವುದು. ಈ ಭಾಗದಲ್ಲಿ 1965ರಲ್ಲಿ ಶುರುವಾದ ಚಿಲ್ಟರ್ನ್ ಸೊಸೈಟಿಯಂಥ ಸಂಸ್ಥೆಗಳ ಜನ ಇದನ್ನು ಮಾಡಿಕೊಂಡು ಬಂದಿದ್ದಾರೆ.

ಕಷ್ಟವಿರುವುದು ಗುಂಡಿ ತೋಡುವುದರಲ್ಲಿ. ಮೇಲೆ ಜೇಡಿಮಣ್ಣು, ಅದರ ತುಂಬ ಚಕಮಕಿ ಕಲ್ಲು, ಕೆಳಗೆ ಸೀಮೆಸುಣ್ಣದ ಬಂಡೆ. ಸಲಿಕೆ ಒಳಗೆ ಇಳಿಯುವುದೇ ಇಲ್ಲ. ಹಾರೆಯಲ್ಲಿ ಮೀಟಿ ಮೀಟಿ ಕಲ್ಲು ಎಬ್ಬಿಸಿ, ಮೊಣಕಾಲೂರಿ ಕೈಯಿಂದಲೇ ಎತ್ತಬೇಕು. ಗುಂಡಿ ಎರಡೂವರೆ ಅಡಿ ಆಳ ಬೇಕು, ಅಗಲ ಮಾತ್ರ ಜಾಸ್ತಿ ಆಗಬಾರದು. ನಾವು ಕಾಂಕ್ರೀಟ್ ಹಾಕುವುದಿಲ್ಲ. ಕಂಬ ನಿಲ್ಲಿಸಿ, ನೆಟ್ಟಗಿದೆಯೇ ನೋಡಿ, ತೆಗೆದ ಕಲ್ಲುಗಳನ್ನೇ ಬುಡದ ಸುತ್ತ ಬಿಗಿಯಾಗಿ ಸಿಕ್ಕಿಸುತ್ತೇವೆ. ಆಮೇಲೆ ನಾಲ್ಕು ಬೆರಳು ಮಣ್ಣು ಹಾಕಿ ಹಾರೆಯ ಹಿಂಬದಿಯಿಂದ ಗಟ್ಟಿಸುವುದು, ಮತ್ತೆ ಮಣ್ಣು, ಮತ್ತೆ ಗಟ್ಟಿಸುವುದು. ಮೊದಲು ಹಾರೆ ಮೆತ್ತಗೆ ಇಳಿಯುತ್ತದೆ. ಬಿಗಿಯಾದ ಮೇಲೆ ಕೈಗೇ ವಾಪಸ್ ಪುಟಿಯುತ್ತದೆ. ಪುಟಿಯುವವರೆಗೂ ಬಿಡಬಾರದು. ಒಮ್ಮೆಲೇ ಗುಂಡಿ ತುಂಬಿಸಿ ಮೇಲಿಂದ ತುಳಿದರೆ ಒಂದೇ ಚಳಿಗಾಲಕ್ಕೆ ಕಂಬ ಅಲ್ಲಾಡುತ್ತದೆ.

ಉಳಿದದ್ದು ಸಲೀಸು. ಮೊದಲ ಮೆಟ್ಟಿಲು ಒಂದಡಿಗಿಂತ ಎತ್ತರ ಬೇಡ. ಕೈಗೆ ಹಿಡಿದುಕೊಳ್ಳಲು ಒಂದು ಕಂಬ ಉದ್ದ ಇರಲಿ. ಹಲಗೆಯ ಮೇಲೆ ಕೋಳಿಬಲೆಯ ತಂತಿ ಬಿಗಿದರೆ ಪಾಚಿಗೆ ಕಾಲು ಜಾರುವುದಿಲ್ಲ. ಕೈಗೆ ಸಿಗುವಷ್ಟು ದೂರದಲ್ಲಿ ಮುಳ್ಳುತಂತಿ ಇದ್ದರೆ ರೈತರನ್ನು ಕೇಳಿ ತೆಗೆಸುತ್ತೇವೆ.

ನಿಜ ಹೇಳಬೇಕೆಂದರೆ, ರಿಪೇರಿ ಮಾಡಿದ ತಡಬೆಗಿಂತ ಕಿತ್ತುಹಾಕಿದ ತಡಬೆ ನನಗೆ ಹೆಚ್ಚು ಖುಷಿ ಕೊಡುತ್ತದೆ. ಊರಿಂದ ಬಂದಿದ್ದ ಅಮ್ಮನನ್ನು ಒಂದು ಸಂಜೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಚಿಕ್ಕಂದಿನಲ್ಲಿ ತೋಟದ ತಡಬೆ ಹಾರಿ ಓಡಾಡಿದವರು, ಈಗ ಮಂಡಿನೋವು, ದಾರಿಯ ತಡಬೆ ಹತ್ತಲಾಗಲಿಲ್ಲ. ‘ನೀನು ಹೋಗಿ ಬಾ ಮಗಾ, ನಾನಿಲ್ಲೇ ಕೂತಿರ್ತೀನಿ’ ಅಂದರು. ಇಂಥ ದಾರಿಗಳ ಗೇಟು, ತಡಬೆ ಹೇಗಿರಬೇಕೆಂದು ತಿಳಿಸುವ ಬ್ರಿಟಿಷ್ ಸ್ಟ್ಯಾಂಡರ್ಡ್ 5709 ಎಂಬ ಮಾನದಂಡ ಹೇಳುವುದೂ ತಡಬೆ ಕೊನೆಯ ಆಯ್ಕೆ ಅಂತಲೇ: ಸಾಧ್ಯವಾದರೆ ಬರೀ ಸಂದಿ ಬಿಡಿ, ಆಗದಿದ್ದರೆ ಗೇಟು ಹಾಕಿ. ಅದೂ ಆಗದಿದ್ದರೆ ಮಾತ್ರ ತಡಬೆ. ಹಾಗಾಗಿ ಪ್ರತಿ ಸಲ ರೈತರನ್ನು ಮೊದಲು ಕೇಳುವುದು, ಈ ಹೊಲದಲ್ಲಿ ಈಗಲೂ ಕುರಿ ಬಿಡುತ್ತೀರಾ ಅಂತ. ಗೋಧಿ ಬೆಳೆಯುತ್ತಿದ್ದರೆ ಸಂದಿಯೇ ಸಾಕು. ಕುರಿ ಇದ್ದರೆ ಕಿಸ್ಸಿಂಗ್ ಗೇಟಿಗೆ ಒಪ್ಪಿಸಲು ನೋಡುತ್ತೇವೆ. ಅರ್ಧವೃತ್ತದ ಬೇಲಿಯೊಳಗೆ ತೂಗುವ ಗೇಟು ಅದು. ಒಬ್ಬೊಬ್ಬರಾಗಿ ಜನ ದಾಟಬಹುದು, ಕುರಿಗೆ ಆಗುವುದಿಲ್ಲ.

ಕೊನೆಗೆ ಕಂಬಕ್ಕೆ ಕಾಲುದಾರಿಯ ಹಳದಿ ಬಾಣದ ಗುರುತು ಹೊಡೆದು, ಹಳೆ ಮರ, ಮೊಳೆಗಳನ್ನೆಲ್ಲ ಹುಲ್ಲಲ್ಲಿ ಕೈಯಾಡಿಸಿ ಹೆಕ್ಕುತ್ತೇವೆ. ಒಂದು ಮೊಳೆ ಕುರಿಯ ಗೊರಸಿಗೆ ಚುಚ್ಚಿದರೂ ಪಕ್ಕದ ಹೊಲದ ಗೇಟಿಗೆ ಒಪ್ಪಿಗೆ ಸಿಗುವುದು ಕಷ್ಟ.