ಪರೀಕ್ಷೆ ಮುಗಿದ ಮೇಲೆ ಹಡಗು: ದಾವಣಗೆರೆ, ಚಿತ್ರದುರ್ಗದಿಂದ ಮಕ್ಕಳ ಜೊತೆ ಕ್ರೂಸ್ ಹೊರಡುವ ಲೆಕ್ಕ

ಹಡಗಿನ ಫೋಟೊ ನೋಡಿ ಮನಸೋತು, ರೇಟು ಕೇಳಿ, ಕೊನೆಗೆ ದಿನಾಂಕ ಹುಡುಕುವುದು ಮಕ್ಕಳಿರುವ ಮನೆಗೆ ಆಗಿಬರುವ ಕ್ರಮವಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಪೆನ್ನು ಹಿಡಿದು ಕೂರಿ. ಹೋಗಲಾಗದ ದಿನಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದ ಜಾಗದಲ್ಲಿ ಯಾವ ಹಡಗು ಕೂರುತ್ತದೋ ಅದೇ ನಿಮ್ಮ ಹಡಗು.

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಏಪ್ರಿಲ್ ಎರಡನೇ ವಾರ ‘ಸಮುದಾಯದತ್ತ ಶಾಲೆ’ಯ ದಿನ ಫಲಿತಾಂಶ ಕೈಗೆ ಕೊಡುತ್ತಾರೆ. 2024 ಮತ್ತು 2025, ಎರಡೂ ವರ್ಷ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ನೋಡಲು ಏಳು ವಾರ, ಆದರೆ ಅಷ್ಟೂ ನಿಮ್ಮದಲ್ಲ. ಅರಬ್ಬಿ ಸಮುದ್ರ ನವೆಂಬರಿನಿಂದ ಏಪ್ರಿಲ್‌ವರೆಗೆ ಶಾಂತ. ಮೇ ಅರ್ಧ ದಾಟಿದರೆ ಮುಂಗಾರಿನ ಮುಂಚಿನ ಗಾಳಿ ಏಳುತ್ತದೆ, ಅಲೆ ದೊಡ್ಡದಾಗುತ್ತದೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1, ಲಕ್ಷದ್ವೀಪಕ್ಕೆ ಅದಕ್ಕೂ ಮೊದಲೇ. ಹಾಗಾಗಿ ಪಶ್ಚಿಮ ಕರಾವಳಿಯ ಕ್ರೂಸಿಗೆ ಏಪ್ರಿಲ್ 12ರಿಂದ ಮೇ ಮೊದಲ ವಾರದವರೆಗೆ, ಹೆಚ್ಚೆಂದರೆ ಮೂರೂವರೆ ವಾರ ಅಂತ ಹಿಡಿಯಿರಿ. ‘ಶಾಲೆ ಶುರುವಾಗುವ ಮುಂಚೆ ಒಂದು ಸುತ್ತು ಹೋಗಿ ಬರೋಣ’ ಎಂದು ಮೇ ಕೊನೆಗೆ ತಳ್ಳಿದರೆ ಮಕ್ಕಳು ಬಕೆಟ್ ಹಿಡಿದು ಕೂರುವ ಸಂಭವವೇ ಹೆಚ್ಚು.

ಒಬ್ಬ ಮಗ ಸಿಬಿಎಸ್‌ಇ, ಮಗಳು ಸ್ಟೇಟ್ ಸಿಲಬಸ್ ಆಗಿದ್ದರೆ ಇನ್ನೊಂದು ಗೆರೆ ಎಳೆಯಬೇಕು. ಸಿಬಿಎಸ್‌ಇಯ ಅನೇಕ ಶಾಲೆಗಳು ಏಪ್ರಿಲ್ ಮೊದಲಿಗೇ ಹೊಸ ತರಗತಿ ಆರಂಭಿಸಿ, ಕೆಲವು ವಾರ ಪಾಠ ಮಾಡಿ ಆಮೇಲೆ ರಜೆ ಬಿಡುತ್ತವೆ. ಎರಡೂ ರಜೆ ಕೂಡುವುದು ಏಪ್ರಿಲ್ ಕೊನೆಗೆ. ಶಾಲೆಯಿಂದ ಲಿಖಿತ ವೇಳಾಪಟ್ಟಿ ತರಿಸಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಇನ್ನೊಬ್ಬ ಪೋಷಕರು ಬರೆದದ್ದನ್ನು ನಂಬಿ ದುಡ್ಡು ಕಟ್ಟಬೇಡಿ. ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆ ಏಪ್ರಿಲ್ ಮೊದಲ ವಾರದೊಳಗೆ ಮುಗಿಯುವುದರಿಂದ ಹತ್ತನೇ ತರಗತಿಯವರಿರುವ ಮನೆಗೆ ತೊಂದರೆ ಕಡಿಮೆ. ಸೆಕೆಂಡ್ ಪಿಯು ಸೈನ್ಸ್ ಇದ್ದರೆ ಕಥೆ ಬೇರೆ. ಸಿಇಟಿ ಏಪ್ರಿಲ್ ಮಧ್ಯದಿಂದ ಕೊನೆಯೊಳಗೆ, ನೀಟ್ ಸಾಮಾನ್ಯವಾಗಿ ಮೇ ಮೊದಲ ಭಾನುವಾರ. ಅಂಥ ಮನೆಯವರು ಮುಂಬೈ ಹಡಗಿನ ಆಸೆ ಬಿಟ್ಟು ಮೇ ಎರಡನೇ ವಾರ ಸಿಂಗಪುರದಿಂದ ಹೊರಡುವುದೇ ಸರಿ. ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ ಆಸರೆ. ಅಲ್ಲಿ ದೊಡ್ಡ ಹಡಗು ಅಲುಗಾಡುವುದು ಕಡಿಮೆ.

ಇನ್ನು ಮದುವೆಗಳು. ಏಪ್ರಿಲ್–ಮೇ ಅಂದರೆ ನಮ್ಮ ಕಡೆ ಲಗ್ನಪತ್ರಿಕೆಗಳ ಮಳೆ. 2027ರಲ್ಲಿ ಯುಗಾದಿ ಏಪ್ರಿಲ್ 7ಕ್ಕೆ, ಅದಾದ ಮೇಲೆ ಬಸವ ಜಯಂತಿಯ ಆಸುಪಾಸು ಮುಹೂರ್ತಗಳ ಸಾಲು. ಅಕ್ಕ-ತಮ್ಮಂದಿರ ಮನೆಯಲ್ಲಿ ನಿಶ್ಚಿತಾರ್ಥ ಆಗಿದ್ದರೆ ಮದುವೆ ದಿನ ಗೊತ್ತಾಗುವವರೆಗೆ ಮುಂಗಡ ಕಟ್ಟಬೇಡಿ. ಸೋದರಮಾವನೇ ಹಡಗಿನ ಮೇಲಿದ್ದರೆ ಆಮೇಲೆ ಹತ್ತು ವರ್ಷ ಮಾತು ಕೇಳಬೇಕಾಗುತ್ತದೆ.

ಅಮೆರಿಕದಲ್ಲಿರುವ ಮಗಳು ‘ಸ್ಪ್ರಿಂಗ್ ಬ್ರೇಕಿಗೆ ಎಲ್ಲರೂ ಸೇರಿ ಕ್ರೂಸ್ ಹೋಗೋಣ’ ಅಂದರೆ ತಕ್ಷಣ ಹೂಂ ಅನ್ನಬೇಡಿ. ಅಲ್ಲಿ ಈ ರಜೆ ಒಂದೇ ವಾರ. ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟಿಗೆ ಒಂದೊಂದು ವಾರ, ಮಾರ್ಚ್ ಆರಂಭದಿಂದ ಏಪ್ರಿಲ್ ನಡುವಿನವರೆಗೆ ಹರಡಿರುತ್ತದೆ. ಇಲ್ಲಿ ಅದೇ ಹೊತ್ತಿಗೆ ವಾರ್ಷಿಕ ಪರೀಕ್ಷೆ. ಅವರ ಶಾಲೆ ಈಸ್ಟರ್ ಹಿಡಿದು ರಜೆ ಕೊಡುವುದಾದರೆ ವರ್ಷ ನೋಡಿಕೊಳ್ಳಿ: 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರುವುದರಿಂದ ಎರಡು ರಜೆ ಕೂಡುವುದಿಲ್ಲ. 2028ರಲ್ಲಿ ಏಪ್ರಿಲ್ 16, ಆಗ ಕೂಡಬಹುದು. ಪರೀಕ್ಷೆಯ ಗೊಡವೆಯಿಲ್ಲದ ಅಜ್ಜ-ಅಜ್ಜಿ ಮಾತ್ರ ಹೋಗುವುದಾದರೆ ಮಾರ್ಚ್ ಆದರೂ ನಡೆಯುತ್ತದೆ. ಆದರೆ ಮಯಾಮಿಯಿಂದ ಹೊರಡುವ ಹಡಗುಗಳು ಆ ವಾರಗಳಲ್ಲಿ ಕಿಕ್ಕಿರಿದಿರುತ್ತವೆ, ರೇಟೂ ಏರಿರುತ್ತದೆ.

ಯಾವ ಹಡಗು, ಎಂಥ ಕ್ಯಾಬಿನ್

ಪಾಸ್‌ಪೋರ್ಟ್ ಇಲ್ಲದ ಮನೆಗೆ ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಹಡಗು ಸುಲಭದ ಆಯ್ಕೆ. ಮುಂಬೈ–ಗೋವಾ ಎರಡು ರಾತ್ರಿ, ಲಕ್ಷದ್ವೀಪ ಸೇರಿದರೆ ನಾಲ್ಕೈದು ರಾತ್ರಿ. ಮಳೆಗಾಲಕ್ಕೆ ಇದೇ ಹಡಗು ಚೆನ್ನೈ ಕಡೆ ಹೋಗುತ್ತದೆ. ‘ಎಂಪ್ರೆಸ್’ ಹೆಸರಿನ ಈ ಹಡಗು ಸೇವೆಗೆ ಬಂದಿದ್ದು 1990ರಲ್ಲಿ. ಆ ಕಾಲದ ಹಡಗುಗಳಂತೆ ಇದರಲ್ಲೂ ಕ್ಯಾಬಿನ್ ಚಿಕ್ಕದು. ನಾಲ್ಕು ಜನಕ್ಕೆ ಒಂದೇ ಕ್ಯಾಬಿನ್ ತೆಗೆದುಕೊಂಡರೆ ಕೆಳಗೆ ಎರಡು ಹಾಸಿಗೆ, ಮೇಲೆ ಗೋಡೆಯಿಂದ ಇಳಿಸುವ ಎರಡು ಬರ್ತು, ರೈಲಿನ ಅಪ್ಪರ್ ಬರ್ತಿನ ಹಾಗೆ. ಆರು ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸುವುದು ಕ್ಷೇಮವಲ್ಲ. ಹಾಗಾಗಿ ಇಬ್ಬರು ಸಣ್ಣ ಮಕ್ಕಳಿದ್ದರೆ ಅಪ್ಪ-ಅಮ್ಮ ಮೇಲೆ ಹತ್ತಬೇಕಾದೀತು. ಅಜ್ಜಿಯೂ ಜೊತೆಗಿದ್ದರೆ ಅಕ್ಕಪಕ್ಕದ ಎರಡು ಕ್ಯಾಬಿನ್ ಕೇಳಿ. ಬುಕಿಂಗಿನಲ್ಲಿ ಪ್ರತಿ ಕ್ಯಾಬಿನ್ನಿಗೂ ಒಬ್ಬ ದೊಡ್ಡವರ ಹೆಸರು ಇರಲೇಬೇಕು, ರಾತ್ರಿ ಯಾರು ಎಲ್ಲಿ ಮಲಗುತ್ತೀರೆನ್ನುವುದು ಆಮೇಲಿನ ಮಾತು.

ವಾಂತಿಯ ಭಯ ಇರುವವರಿಗೆ ಹಡಗಿನ ನಡುಭಾಗ, ಕೆಳಗಿನ ಡೆಕ್. ತಕ್ಕಡಿಯ ಮುಳ್ಳಿನ ಹತ್ತಿರ ಅಲುಗಾಟ ಕಡಿಮೆ, ತಟ್ಟೆಯ ತುದಿಯಲ್ಲಿ ಹೆಚ್ಚು, ಹಡಗೂ ಅಷ್ಟೆ. ತುದಿಯ ಬಾಲ್ಕನಿಗಿಂತ ನಡುವಿನ ಒಳ ಕ್ಯಾಬಿನ್ ಎಷ್ಟೋ ವಾಸಿ. ಮಾತ್ರೆ ತಲೆಸುತ್ತು ಬಂದ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಹಡಗು ಬಿಡುವ ಮುಂಚೆಯೇ ನುಂಗಬೇಕು. ವಾಂತಿ ತಡೆಯುವ ಅವೋಮಿನ್ ಮಾತ್ರೆಯಲ್ಲಿರುವ ಪ್ರೊಮೆಥಜಿನ್ ಔಷಧವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ. ದೊಡ್ಡ ಮಕ್ಕಳಿಗೂ ಪ್ರಮಾಣವನ್ನು ಮಕ್ಕಳ ಡಾಕ್ಟರ ಹತ್ತಿರ ಬರೆಸಿಕೊಂಡೇ ಹೋಗಿ.

ಲಕ್ಷದ್ವೀಪದ ವಿಷಯದಲ್ಲಿ ಒಂದು ಮಾತು ಮನೆಯಲ್ಲೇ ಮಕ್ಕಳಿಗೆ ಹೇಳಿಬಿಡಿ. ಹವಳದ ದಿಬ್ಬದ ಒಳಗೆ ಆಳ ಕಡಿಮೆ, ದೊಡ್ಡ ಹಡಗು ಒಳಗೆ ಹೋಗಲಾರದು. ಹೊರಗಿನ ಆಳದ ನೀರಿನಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ಗಾಳಿ ಹೆಚ್ಚಾದರೆ ದೋಣಿಗೆ ಇಳಿಯುವುದೇ ಅಪಾಯ, ದ್ವೀಪ ಕಣ್ಣೆದುರು ಇದ್ದರೂ ಇಳಿಸುವುದಿಲ್ಲ. ಅದಕ್ಕೆ ಟಿಕೆಟ್ ದುಡ್ಡು ಮರಳಿ ಬರುವುದಿಲ್ಲ, ಷರತ್ತಿನಲ್ಲೇ ಬರೆದಿರುತ್ತಾರೆ.

ಆರು ತಿಂಗಳು ತುಂಬದ ಕೂಸನ್ನು ಬಹುತೇಕ ಕಂಪನಿಗಳು ಹತ್ತಿಸುವುದಿಲ್ಲ. ಬಸುರಿಯರಿಗೆ 24 ವಾರದ ಮಿತಿ. ಇದನ್ನು ಹೊರಡುವ ದಿನದಿಂದಲ್ಲ, ಹಿಂತಿರುಗುವ ದಿನದಿಂದ ಲೆಕ್ಕ ಹಾಕಿ.

ರೇಟು ಕೇಳುವಾಗ ‘ಒಬ್ಬರಿಗೆ ಇಷ್ಟು’ ಎಂಬ ಮಾತಿಗೆ ನಿಲ್ಲಬೇಡಿ. ಅದು ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡಾಗಿನ ದರ. ಪೋರ್ಟ್ ಚಾರ್ಜ್, ಜಿಎಸ್‌ಟಿ, ಸರ್ವಿಸ್ ಚಾರ್ಜ್ ಎಲ್ಲ ಸೇರಿ ಕೈಯಿಂದ ಹೋಗುವ ಒಟ್ಟು ಮೊತ್ತ ಎಷ್ಟು ಅಂತ ಬರೆಸಿಕೊಳ್ಳಿ. ಊಟ-ತಿಂಡಿ ಅದರಲ್ಲೇ ಬಂತು. ವೈಫೈ, ತಂಪು ಪಾನೀಯ, ದಡದ ಮೇಲಿನ ಸುತ್ತಾಟ ಬೇರೆ. ವಿದೇಶದ ಪ್ಯಾಕೇಜಾದರೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ ಕೂಡ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವವರ ಪ್ಯಾನ್ ಹೆಸರಿಗೇ ಬಿಲ್ ಮಾಡಿಸಿದರೆ ಅದು ತೆರಿಗೆ ಇಲಾಖೆಯಲ್ಲಿರುವ ಅವರ ಲೆಕ್ಕದಲ್ಲಿ ಕಾಣುತ್ತದೆ, ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ದುಡಿಮೆಯಿಲ್ಲದ ಅಮ್ಮನ ಹೆಸರಿಗೆ ಮಾಡಿಸಿದರೆ ಅದನ್ನು ವಾಪಸ್ ಪಡೆಯಲೆಂದೇ ಆಕೆಯ ಹೆಸರಲ್ಲಿ ರಿಟರ್ನ್ ಹಾಕಬೇಕಾಗುತ್ತದೆ.

ಕಾಗದ ಪತ್ರ

ಮುಂಬೈ ಹಡಗಿಗೆ ಪ್ರತಿಯೊಬ್ಬರ ಮೂಲ ಗುರುತಿನ ಚೀಟಿ, ಮಗುವಿನದೂ ಸೇರಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲ, ಅದೊಂದನ್ನೇ ನಂಬಿ ಹೋಗಬೇಡಿ. ಎಡವಟ್ಟಾಗುವುದು ಹೆಸರಿನಲ್ಲಿ. ಆಧಾರಿನಲ್ಲಿ ‘ಎಸ್. ಎಂ.’ ಎಂದು ಇನಿಷಿಯಲ್, ಶಾಲೆಯಲ್ಲಿ ಊರಿನ ಹೆಸರು ಮುಂದೆ, ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದೆ ಬರೀ ‘ಹೆಣ್ಣು ಮಗು’. ಟಿಕೆಟ್ ಮೇಲಿನ ಹೆಸರು, ಕೈಯಲ್ಲಿ ಒಯ್ಯುವ ಚೀಟಿಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಸಿಂಗಪುರಕ್ಕಾದರೆ ಪಾಸ್‌ಪೋರ್ಟ್. ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು. ಯುಕೆಜಿಯಲ್ಲಿ ಮಾಡಿಸಿದ್ದು ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನ್ಮದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ. ಸಿಂಗಪುರದ ವೀಸಾ ಕೈಗೆ ಬಂದಾಗ ‘ಮಲ್ಟಿಪಲ್’ ಎಂಬ ಪದ ಇದೆಯೇ ನೋಡಿ. ಹಡಗು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ಮರಳಿದಾಗ ನೀವು ಎರಡನೇ ಸಲ ಸಿಂಗಪುರದೊಳಗೆ ಕಾಲಿಡುತ್ತೀರಿ.

ಊರಿನಿಂದ ಬಂದರಿಗೆ

ದಾವಣಗೆರೆಯಿಂದ ಮುಂಬೈಯ ದಾದರಿಗೆ ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಹೋಗುವ ಗಾಡಿಗಳಿವೆ. ಶರಾವತಿ, ಚಾಲುಕ್ಯ ಹೀಗೆ ವಾರದ ದಿನದ ಮೇಲೆ ಹೆಸರು, ನಂಬರ್ ಬದಲಾಗುತ್ತದೆ. ಚಿತ್ರದುರ್ಗದವರು 60 ಕಿ.ಮೀ. ಬಂದು ದಾವಣಗೆರೆಯಲ್ಲೇ ಹತ್ತುವುದು ಸಲೀಸು. ರಿಸರ್ವೇಶನ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, 2024ರ ಅಕ್ಟೋಬರ್‌ವರೆಗೆ ಇದ್ದ 120 ದಿನದ ಅಭ್ಯಾಸ ಮರೆತುಬಿಡಿ. ಲೆಕ್ಕ ಹೀಗೆ: 2027ರ ಏಪ್ರಿಲ್ 14ಕ್ಕೆ ತನ್ನ ಮೊದಲ ನಿಲ್ದಾಣ ಬಿಡುವ ಗಾಡಿಗೆ ಫೆಬ್ರವರಿ 13ರ ಬೆಳಿಗ್ಗೆ 8ಕ್ಕೆ, ಏಪ್ರಿಲ್ 19ರ ವಾಪಸ್ ಗಾಡಿಗೆ ಫೆಬ್ರವರಿ 18ರ ಬೆಳಿಗ್ಗೆ 8ಕ್ಕೆ. ಎರಡಕ್ಕೂ ಮೊಬೈಲಿನಲ್ಲಿ ಅಲಾರಾಂ ಇಡಿ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಬರುವುದನ್ನು ಮರೆಯುವವರೇ ಜಾಸ್ತಿ. ತೆರೆದ ದಿನವೇ ಬುಕ್ ಮಾಡಲು ಆಧಾರ್ ಜೋಡಿಸಿದ ಐಆರ್‌ಸಿಟಿಸಿ ಖಾತೆ ಬೇಕು, ಆ ಕೆಲಸ ಜನವರಿಯಲ್ಲೇ ಮುಗಿಸಿ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ. ರಾತ್ರಿ ಪ್ರಯಾಣಕ್ಕೆ ಪೂರ್ತಿ ಕೊಡುವುದೇ ಜಾಣತನ.

ಹಡಗು ಬಿಡುವ ದಿನವೇ ಮುಂಬೈ ತಲುಪುವ ಸಾಹಸ ಬೇಡ. ಪುಣೆ ಆಚೆ ಘಾಟಿನಲ್ಲಿ ಗಾಡಿ ನಿಂತರೆ ಕೇಳುವವರಿಲ್ಲ, ಹಡಗಿನ ಬಾಗಿಲು ಮಾತ್ರ ಹೊರಡುವ ಸಮಯಕ್ಕೆ ಎಷ್ಟೋ ಮುಂಚೆಯೇ ಮುಚ್ಚುತ್ತದೆ. ಹಿಂದಿನ ದಿನ ತಲುಪಿ ಒಂದು ರಾತ್ರಿ ತಂಗಿ. ಸಿಂಗಪುರಕ್ಕೂ ಅದೇ ನಿಯಮ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರು ಡಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ವರ್ತುಲ ರಸ್ತೆ ಹಿಡಿದರೆ ನೆಲಮಂಗಲ, ಗೊರಗುಂಟೆಪಾಳ್ಯದ ಟ್ರಾಫಿಕ್ ತಪ್ಪುತ್ತದೆ.

ಹಡಗಿನ ಮೇಲೆ

ದೊಡ್ಡ ಲಗೇಜನ್ನು ಟರ್ಮಿನಲ್ಲಿನಲ್ಲೇ ಟ್ಯಾಗ್ ಹಾಕಿ ತೆಗೆದುಕೊಳ್ಳುತ್ತಾರೆ, ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಮಾತ್ರೆ, ಮಕ್ಕಳ ಒಂದು ಜೊತೆ ಬಟ್ಟೆ, ಈಜುಡುಗೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ತಪಾಸಣೆಯಲ್ಲೇ ನಿಲ್ಲುತ್ತವೆ. ಮನೆಯಲ್ಲಿ ಮಾಡಿದ ಬುತ್ತಿಯನ್ನೂ ಬಿಡುವುದಿಲ್ಲ. ಮಂಡಕ್ಕಿ, ಖಾರ, ಚಟ್ನಿಪುಡಿಯ ಡಬ್ಬಿ ರೈಲಿನಲ್ಲೇ ಖಾಲಿಯಾಗಲಿ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿದ್ದರೆ ಬುಕ್ ಮಾಡುವಾಗಲೇ ಜೈನ್ ಊಟ ಎಂದು ಬರೆಸಿ, ಹಡಗಿನ ಮೇಲೆ ಹೋಗಿ ಕೇಳಿದರೆ ಕಷ್ಟ.

ದಡ ಕಣ್ಮರೆಯಾದ ತಕ್ಷಣ ಮನೆಯ ಎಲ್ಲ ಮೊಬೈಲ್‌ಗಳನ್ನೂ ಏರ್‌ಪ್ಲೇನ್ ಮೋಡಿಗೆ ಹಾಕಿ. ಹಡಗಿಗೆ ತನ್ನದೇ ಉಪಗ್ರಹ ನೆಟ್‌ವರ್ಕ್ ಇರುತ್ತದೆ. ರೋಮಿಂಗ್ ಆನ್ ಇರುವ ಫೋನು ತಾನಾಗಿ ಅದಕ್ಕೆ ಅಂಟಿಕೊಂಡು ಬಿಲ್ ಬೆಳೆಸುತ್ತದೆ. ಗಡಿಯಾರದ ವಿಷಯದಲ್ಲೂ ಮೊಬೈಲನ್ನು ನಂಬಬೇಡಿ. ಫುಕೆಟ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕಿಳಿದಾಗ ಫೋನು ಅಲ್ಲಿನ ಸಮಯ ತೋರಿಸುತ್ತದೆ, ಹಡಗು ತನ್ನ ಸಮಯಕ್ಕೇ ಹೊರಡುತ್ತದೆ. ಮುಳ್ಳಿನ ಕೈಗಡಿಯಾರ ಒಂದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಅಜ್ಜನ ಕೈಗೆ ಕಟ್ಟಿಬಿಡಿ, ಜವಾಬ್ದಾರಿ ಅವರದು.

ಕೊನೆಯ ರಾತ್ರಿ ಲಗೇಜನ್ನು ಕ್ಯಾಬಿನ್ ಬಾಗಿಲ ಹೊರಗಿಡಲು ಹೇಳುತ್ತಾರೆ, ಮಲಗಿದ್ದಾಗಲೇ ಒಯ್ಯುತ್ತಾರೆ. ಅಮ್ಮ ಚುರುಕಾಗಿ ಎಲ್ಲವನ್ನೂ ಮಡಚಿ ತುಂಬಿ ಹೊರಗಿಟ್ಟು, ಬೆಳಿಗ್ಗೆ ಎದ್ದಾಗ ಅಪ್ಪನಿಗೆ ಬರ್ಮುಡಾ ಬಿಟ್ಟು ಬೇರೆ ಬಟ್ಟೆಯಿಲ್ಲ ಅನ್ನುವುದು ಪ್ರತಿ ಹಡಗಿನಲ್ಲೂ ನಡೆಯುತ್ತದೆ. ಹಾಗಾಗಿ ಚೀಲಕ್ಕೆ ಜಿಪ್ ಎಳೆಯುವ ಮೊದಲು ಎಲ್ಲರ ಮರುದಿನದ ಬಟ್ಟೆ, ಚಪ್ಪಲಿ, ಗುರುತಿನ ಚೀಟಿ, ರೈಲು ಟಿಕೆಟನ್ನು ಮಂಚದ ಮೇಲೆ ಸಾಲಾಗಿ ತೆಗೆದಿಟ್ಟುಕೊಳ್ಳಿ.