ಇಪ್ಪತ್ತರ ಡ್ರಮ್, ಎಂಟರ ಕಾನೂನು

2019ರ ಬೇಸಿಗೆಯಲ್ಲಿ ಕೆಲಸ ಬದಲಾಗಿ ಅರಿಜೋನಾದ ಫೀನಿಕ್ಸ್‌ನಿಂದ ಕೊಲೊರಾಡೊದ ಡೆನ್ವರ್‌ಗೆ ಮನೆ ಸಾಗಿಸುವುದಿತ್ತು. ಪಾತ್ರೆ ಪಡಗ, ಪುಸ್ತಕ, ಬಟ್ಟೆಗಳನ್ನೆಲ್ಲ ಡಬ್ಬಗಳಿಗೆ ತುಂಬುತ್ತಾ ಬಂದವನ ಕೈ ಒಂದು ವಸ್ತುವಿನ ಮುಂದೆ ನಿಂತಿತು. ಅದು ನನ್ನ 12 ಬೋರಿನ ಶಾಟ್‌ಗನ್‌ಗೆ ಕೊಂಡಿದ್ದ, ಇಪ್ಪತ್ತು ತೋಟಾ ಹಿಡಿಯುವ ಡ್ರಮ್ ಮ್ಯಾಗಜಿನ್, ಅಂದರೆ ಬಂದೂಕಿಗೆ ಕಳಚಿ ಹಾಕುವ ದುಂಡನೆಯ ತೋಟಾ ಡಬ್ಬಿ. ಅರಿಜೋನಾದಲ್ಲಿ ಅದು ಅಂಗಡಿಗೆ ಹೋಗಿ ಹಣ ಕೊಟ್ಟು ತರುವ ಸಾಮಾನು. ಕೊಲೊರಾಡೊದ ಗಡಿ ದಾಟಿದ ಮೇಲೆ ಅದು ನನ್ನ ಬಳಿ ಇರುವುದೇ ಅಪರಾಧ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್‌ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಆದರೂ ನಮ್ಮಜ್ಜ ತೋಟಾಗಳ ಲೆಕ್ಕವನ್ನು ದೇವರ ಒಡವೆಯ ಲೆಕ್ಕದಂತೆ ಇಡುತ್ತಿದ್ದರು. ತೋಟಕ್ಕೆ ಹೊರಟಾಗ ಎಷ್ಟು, ಮರಳಿದಾಗ ಎಷ್ಟು ಎಂದು ನನ್ನಿಂದಲೇ ಎಣಿಸುತ್ತಿದ್ದರು. ಎರಡು ನಳಿಗೆ, ಎರಡು ತೋಟಾ. ಮಡಚಿ ಬೆಳಕಿಗೆ ಹಿಡಿದರೆ ಒಳಗೆ ಏನಿದೆ, ಏನಿಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಡ್ರಮ್ ಮ್ಯಾಗಜಿನ್‌ನೊಡನೆ ಮೂರು ವರ್ಷ ಕಳೆದ ಮೇಲೆ ಆ ಜೋಡುನಳಿಗೆಯ ಬೆಲೆ ನನಗೆ ಹೆಚ್ಚು ಅರ್ಥವಾಯಿತು.

ನಮ್ಮವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ನಾನು ಅಮೆರಿಕಕ್ಕೆ ಬಂದದ್ದು ಎಚ್‌-1ಬಿ ವೀಸಾದ ಮೇಲೆ. ಆ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ ಎಂದು ಅಲ್ಲಿನ ಕೇಂದ್ರ ಕಾನೂನು ಹೇಳುತ್ತದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ಸಣ್ಣ ವಿನಾಯಿತಿಗಳಿವೆ. ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಕಾದೆ. ಒಮ್ಮೆ ಹಾಸನದ ಕಡೆಯ ಸಹೋದ್ಯೋಗಿಯೊಬ್ಬ ಗುಂಡು ಹೊಡೆಯುವ ಅಭ್ಯಾಸದ ಮೈದಾನಕ್ಕೆ, ಅಂದರೆ ರೇಂಜಿಗೆ, ನನ್ನ ಜೊತೆ ಬಂದಿದ್ದ. "ಅಣ್ಣ, ನಾನೂ ಒಂದೆರಡು ಹೊಡೆಯಲೇ?" ಎಂದು ಕೇಳಿದ. ಅವನ ಬಳಿ ಇದ್ದದ್ದು ವೀಸಾ ಮಾತ್ರ. ಅವನ ಮುಖ ಸಣ್ಣದಾಯಿತು, ಆದರೂ ಬೇಡ ಎಂದೆ. ರೇಂಜಿನಲ್ಲಿ ಬಾಡಿಗೆಗೆ ಸಿಗುವ ಬಂದೂಕನ್ನು ಹಿಡಿದರೂ ಅದು ಹೊಂದಿದಂತೆಯೇ. ಒಂದು ಮಧ್ಯಾಹ್ನದ ಖುಷಿಗೆ ವಲಸೆಯ ಕಾಗದಪತ್ರವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

2016ರಲ್ಲಿ ಕೊಂಡದ್ದು ಟರ್ಕಿಯಲ್ಲಿ ತಯಾರಾದ, ಪೆಟ್ಟಿಗೆ ಮ್ಯಾಗಜಿನ್ ಹಾಕುವ, ಹೊಡೆದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್. ಜೊತೆಗೆ ಐದು ತೋಟಾದ ಮ್ಯಾಗಜಿನ್ ಬಂದಿತ್ತು. ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರನ್ನೂ ಬಳಸುವ ತ್ರೀ-ಗನ್ ಸ್ಪರ್ಧೆಯ ಓಪನ್ ವಿಭಾಗಕ್ಕೆ ಇಳಿಯಬೇಕೆಂಬ ಆಸೆಯಿಂದ ಡ್ರಮ್ ಹುಡುಕಿದೆ. ಅಲ್ಲೇ ಮೊದಲ ಕಾನೂನು ಎದುರಾಯಿತು. ಆಮದಾದ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನನ್ನು ಕ್ರೀಡೆಗೆ ತಕ್ಕ ಮೂಲ ರೂಪದಿಂದ ಬದಲಿಸಿದರೆ, ಪಟ್ಟಿಯಲ್ಲಿರುವ 20 ಭಾಗಗಳ ಪೈಕಿ ವಿದೇಶದ್ದು ಹತ್ತಕ್ಕಿಂತ ಹೆಚ್ಚು ಇರಬಾರದು. ಮ್ಯಾಗಜಿನ್ನಿನ ಮೈ, ತೋಟಾವನ್ನು ಮೇಲಕ್ಕೆ ತಳ್ಳುವ ಫಾಲೋವರ್, ತಳದ ತಟ್ಟೆ, ಇವು ಮೂರು ಬೇರೆಬೇರೆ ಭಾಗಗಳಾಗಿ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಅಮೆರಿಕದಲ್ಲೇ ತಯಾರಾದ ಡ್ರಮ್ಮನ್ನು ಆರಿಸಿದೆ. ಒಂದು ಹಾಳೆಯಲ್ಲಿ ಭಾಗಗಳ ಹೆಸರು ಬರೆದು ಒಂದೊಂದನ್ನೂ ಗುರುತು ಹಾಕಿಕೊಂಡೆ. ಆ ಹಾಳೆ ಇವತ್ತಿಗೂ ಬಂದೂಕಿನ ಪೆಟ್ಟಿಗೆಯಲ್ಲಿದೆ.

ಕೆಲವರು ಡ್ರಮ್ ಎಂದೊಡನೆ ನಿಷಿದ್ಧ ಎಂದುಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ. ತಿರುಗುವ ಸಿಲಿಂಡರು ಬಂದೂಕಿಗೇ ಅಂಟಿಕೊಂಡಿದ್ದ ಸ್ಟ್ರೀಟ್ ಸ್ವೀಪರ್ ಎಂಬ ಶಾಟ್‌ಗನ್ನನ್ನು 1994ರಲ್ಲಿ ಕೇಂದ್ರ ಸರ್ಕಾರ ಬಿಗಿ ನೋಂದಣಿ ಬೇಕಾದ ವಿನಾಶಕಾರಿ ಸಾಧನಗಳ ವರ್ಗಕ್ಕೆ ಸೇರಿಸಿತು. ಕಳಚಿ ಹಾಕುವ ಡ್ರಮ್ ಅದಲ್ಲ. 1994ರಲ್ಲೇ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜಿನ್‌ಗಳ ಮೇಲೆ ಬಂದ ಕೇಂದ್ರದ ನಿರ್ಬಂಧ 2004ರ ಸೆಪ್ಟೆಂಬರ್ 13ಕ್ಕೆ ಮುಗಿಯಿತು. ಅಂದಿನಿಂದ ಈ ಲೆಕ್ಕ ರಾಜ್ಯಗಳ ಕೈಯಲ್ಲಿದೆ.

ಇನ್ನು ಡ್ರಮ್ಮಿನ ಒಳಗು. ನನ್ನದರ ಹಿಂಬದಿ ಪಾರದರ್ಶಕ ಪ್ಲಾಸ್ಟಿಕ್. ಒಳಗೆ ಸ್ಪ್ರಿಂಗ್ ತಿರುಗಿಸುವ ಚಕ್ರ, ಅದರ ತೋಳುಗಳ ನಡುವೆ ತೋಟಾಗಳು ತೊಟ್ಟಿಲ ಮಕ್ಕಳಂತೆ ಮಲಗಿರುತ್ತವೆ. ಮೇಲಿನ ಬಾಯಿಯಿಂದ ಒಂದೊಂದನ್ನೇ ಒತ್ತಬೇಕು. ಮೊದಲ ಐದಾರು ಹಗುರ. ಹನ್ನೆರಡು ದಾಟಿದ ಮೇಲೆ ಹೆಬ್ಬೆರಳು ನೋಯುತ್ತದೆ. ತೋಟಾದ ಹಿತ್ತಾಳೆಯ ಅಂಚು ಬಾಯಿಯ ತುಟಿಗಳ ಕೆಳಗೆ ಪೂರ್ತಿ ಹಿಂದಕ್ಕೆ ಸರಿದು ಕೂತಿದೆಯೇ ಎಂದು ಪ್ರತಿ ಬಾರಿಯೂ ಬೆರಳಿಂದ ಮುಟ್ಟಿ ನೋಡಬೇಕು. ಒಂದು ಓರೆಯಾದರೆ ಹಿಂದಿನದೆಲ್ಲ ನಿಂತುಬಿಡುತ್ತದೆ. ಇಪ್ಪತ್ತೂ ತುಂಬಿದಾಗ ತೋಟಾಗಳ ತೂಕವೇ ಕಿಲೊ ಹತ್ತಿರ. ಬಂದೂಕಿನ ಮೂತಿಯನ್ನು ಒಂದು ಗುರಿಯಿಂದ ಮತ್ತೊಂದಕ್ಕೆ ಸರಿಸುವಾಗ ಆ ಭಾರ ಎಡಗೈಯಲ್ಲಿ ಕೂತಿರುತ್ತದೆ.

ಮೊದಲ ಸ್ಪರ್ಧೆಗೆ ಹೋಗುವ ಹಿಂದಿನ ರಾತ್ರಿಯೇ ಉತ್ಸಾಹದಿಂದ ಡ್ರಮ್ ತುಂಬಿಟ್ಟಿದ್ದೆ. ಬೆಳಿಗ್ಗೆ ರೇಂಜಿನಲ್ಲಿ ಎರಡನೆಯ ಗುಂಡಿಗೇ ತೋಟಾವನ್ನು ನಳಿಗೆಯೊಳಕ್ಕೆ ತಳ್ಳುವ ಬೋಲ್ಟ್ ಅರ್ಧಕ್ಕೆ ನಿಂತಿತು. ಸಿಕ್ಕಿಕೊಂಡ ತೋಟಾವನ್ನು ಕೈಗೆ ತೆಗೆದುಕೊಂಡು ನೋಡಿದರೆ ಅದರ ದುಂಡು ಮೈ ಒತ್ತಿಹೋಗಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಶಾಟ್‌ಗನ್ ತೋಟಾದ ಮೈ ಪ್ಲಾಸ್ಟಿಕ್. ಬಲವಾದ ಸ್ಪ್ರಿಂಗಿನ ಕೆಳಗೆ ರಾತ್ರಿಯಿಡೀ ಮಲಗಿಸಿದರೆ ಬಾಯಿಯ ಬಳಿಯದು ಚಪ್ಪಟೆಯಾಗುತ್ತದೆ. ಆ ದಿನದಿಂದ ಡ್ರಮ್ ತುಂಬುವುದು ನನ್ನ ಸರದಿಗೆ ಹತ್ತು ನಿಮಿಷ ಮುಂಚೆ ಮಾತ್ರ. ಮುಚ್ಚಿದ ಬೋಲ್ಟಿನ ಕೆಳಗೆ ತುಂಬಿದ ಡ್ರಮ್ ಕಚ್ಚಿಕೊಳ್ಳುವುದಿಲ್ಲ ಎಂಬುದನ್ನೂ ಕಲಿತೆ. ಬೋಲ್ಟನ್ನು ಹಿಂದಕ್ಕೆ ಎಳೆದು ನಿಲ್ಲಿಸಿ ಹಾಕಬೇಕು, ಇಲ್ಲವೇ ಎರಡು ಕಡಿಮೆ ತುಂಬಬೇಕು. ನಾನು ಹದಿನೆಂಟಕ್ಕೇ ನಿಲ್ಲಿಸುತ್ತಿದ್ದೆ. ಒಳಗೆ ಎಣ್ಣೆ ಬಳಿಯುವುದನ್ನೂ ಬಿಟ್ಟೆ. ಅರಿಜೋನಾದ ಮರಳು ದೂಳು ಎಣ್ಣೆಗೆ ಅಂಟಿ ಚಕ್ರವನ್ನು ಹಿಡಿಯುತ್ತಿತ್ತು. ಒಣ ಬಟ್ಟೆಯಿಂದ ಒರೆಸಿದರೆ ಸಾಕಾಯಿತು. ಹಗುರ ಚರೆಯ ಅಗ್ಗದ ತೋಟಾಗಳಿಗೆ ಗ್ಯಾಸಿನಿಂದ ನಡೆಯುವ ಈ ಬಂದೂಕನ್ನು ತಿರುಗಿಸುವ ಬಲವಿರುವುದಿಲ್ಲ. ತುಸು ಭಾರದ ತೋಟಾ ಬೇಕು.

ನನ್ನನ್ನು ನಿಜವಾಗಿ ಬೆಚ್ಚಿಸಿದ್ದು ಬೇರೆ ದಿನ. ಒಂದು ಸುತ್ತು ಮುಗಿಸಿ ಡ್ರಮ್ ಕಳಚಿದೆ. ಪಾರದರ್ಶಕ ಬೆನ್ನಿನಲ್ಲಿ ಒಂದೂ ತೋಟಾ ಕಾಣಲಿಲ್ಲ. ಖಾಲಿ ಎಂದುಕೊಂಡೆ. ರೇಂಜ್ ಅಧಿಕಾರಿ ಪಕ್ಕದಲ್ಲೇ ನಿಂತು, ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ತೋರಿಸಿ ಎಂದರು. ಬೋಲ್ಟ್ ಎಳೆದಾಗ ಕೆಂಪು ತೋಟಾವೊಂದು ಹಾರಿ ನೆಲದ ಜಲ್ಲಿಯ ಮೇಲೆ ಬಿತ್ತು. ಡ್ರಮ್ ಖಾಲಿಯಾಗಿತ್ತು, ಬಂದೂಕು ಆಗಿರಲಿಲ್ಲ. ಬೆನ್ನಿನ ಮೇಲೆ ತಣ್ಣನೆಯ ಬೆವರು ಹರಿಯಿತು. ಅಜ್ಜನ ಕೋವಿಯನ್ನು ಮಡಚಿದ ಮೇಲೆ ಬೆಳಕಿಗೆ ಹಿಡಿಯದೆ ಗೋಡೆಗೆ ಒರಗಿಸಿದ್ದಕ್ಕೆ ತಿಂದಿದ್ದ ಏಟು ನೆನಪಾಯಿತು. ಈಗ ಮೊದಲು ಮ್ಯಾಗಜಿನ್ ತೆಗೆಯುತ್ತೇನೆ, ಆಮೇಲೆ ಬೋಲ್ಟ್ ತೆರೆಯುತ್ತೇನೆ, ಕಣ್ಣಿಂದ ನೋಡಿ ಕಿರುಬೆರಳನ್ನು ಚೇಂಬರಿಗೆ ಇಳಿಸಿ ಮುಟ್ಟುತ್ತೇನೆ. ಈ ಕ್ರಮ ತಪ್ಪುವಂತಿಲ್ಲ.

ಸೆಪ್ಟೆಂಬರ್ ಒಂದಕ್ಕೆ ಅರಿಜೋನಾದಲ್ಲಿ ಕಾಡುಪಾರಿವಾಳದ ಬೇಟೆ ಶುರುವಾಗುತ್ತದೆ. ಅಲ್ಲಿಗೆ ಈ ಬಂದೂಕನ್ನು ಒಯ್ಯುತ್ತಿರಲಿಲ್ಲ. ವಲಸೆ ಹಕ್ಕಿಗಳ ಬೇಟೆಗೆ ದೇಶದಾದ್ಯಂತ ಶಾಟ್‌ಗನ್ ಒಟ್ಟು ಮೂರು ತೋಟಾಕ್ಕಿಂತ ಹೆಚ್ಚು ಹಿಡಿಯಬಾರದು, ಹೆಚ್ಚು ಹಿಡಿಯುವ ಬಂದೂಕಾದರೆ ತೋಟಾ ತುಂಬುವ ಕೊಳವೆಯಲ್ಲಿ ಅದನ್ನು ತಡೆಯುವ ಕಡ್ಡಿ ಇರಲೇಬೇಕು.

ಮತ್ತೆ ಆ ಡಬ್ಬಗಳ ನಡುವೆ ಕೂತ ಸಂಜೆಗೆ ಬರುತ್ತೇನೆ. ಗೆಳೆಯರು ತಲೆಗೊಂದು ಮಾತು ಹೇಳಿದರು. ಹದಿನೈದರವರೆಗೆ ನಡೆಯುತ್ತದೆ ಎಂದರು ಒಬ್ಬರು, ಎಂಟೇ ತುಂಬಿಕೊಂಡರೆ ಆಯಿತು ಎಂದರು ಇನ್ನೊಬ್ಬರು. ಕೊನೆಗೆ ಕೊಲೊರಾಡೊದ ಶಾಸನವನ್ನೇ ಮುದ್ರಿಸಿ ಓದಿದೆ. 2013ರ ಜುಲೈ 1ರಿಂದ ಜಾರಿಯಾದ ಆ ಕಾನೂನಿನಲ್ಲಿ ಹದಿನೈದರ ಮಿತಿ ಇರುವುದು ನಿಜ, ಆದರೆ ಶಾಟ್‌ಗನ್‌ಗೆ ಬೇರೆಯೇ ಅಳತೆ. ಕಳಚುವ ಮ್ಯಾಗಜಿನ್ ಅಥವಾ ಡ್ರಮ್ ಎಂಟಕ್ಕಿಂತ ಹೆಚ್ಚು ತೋಟಾ ಹಿಡಿಯುವಂತಿಲ್ಲ. ನಳಿಗೆಯ ಕೆಳಗಿನ ಸ್ಥಿರ ಕೊಳವೆಯಾದರೆ ಲೆಕ್ಕ ಎಣಿಕೆಯಲ್ಲಿಲ್ಲ, ಉದ್ದದಲ್ಲಿದೆ: 28 ಇಂಚಿನಷ್ಟು ತೋಟಾ. ಎರಡೂಮುಕ್ಕಾಲು ಇಂಚಿನದಾದರೆ ಹತ್ತು, ಮೂರಿಂಚಿನದಾದರೆ ಒಂಬತ್ತು. ಎಷ್ಟು ತುಂಬಿದ್ದೀರಿ ಎಂಬುದನ್ನು ಕಾನೂನು ಕೇಳುವುದೇ ಇಲ್ಲ, ಎಷ್ಟು ಹಿಡಿಯಬಲ್ಲದು ಎಂದು ಕೇಳುತ್ತದೆ. ಇಪ್ಪತ್ತರ ಡ್ರಮ್ಮಿಗೆ ಎಂಟೇ ಹಾಕಿದರೂ ಅದು ಇಪ್ಪತ್ತರದ್ದೇ. ಆ ದಿನಾಂಕಕ್ಕೆ ಮೊದಲಿನಿಂದ ಬಿಡದೆ ಇಟ್ಟುಕೊಂಡವರಿಗೆ ರಿಯಾಯಿತಿ ಇದೆ. ನನ್ನದು 2016ರ ಖರೀದಿ. ಮರುದಿನವೇ ಡ್ರಮ್ಮನ್ನು ಫೀನಿಕ್ಸ್‌ನ ಅಂಗಡಿಯೊಂದಕ್ಕೆ ಮಾರಿದೆ, ರಸೀದಿಯನ್ನು ಆ ಹಾಳೆಯ ಜೊತೆಗಿಟ್ಟೆ.

ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದೂಕು ಸಾಗಿಸುವವರಿಗೆ ಕೇಂದ್ರದ 1986ರ ಕಾನೂನು ರಕ್ಷಣೆ ಕೊಡುತ್ತದೆ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಆ ರಕ್ಷಣೆ ಸಿಗುವುದು ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ಅದು ಕಾನೂನುಬದ್ಧವಾಗಿದ್ದರೆ ಮಾತ್ರ. ಬಂದೂಕು ಖಾಲಿಯಾಗಿರಬೇಕು, ಕೈಗೆಟುಕದ ಕಡೆ ಇರಬೇಕು. ಅಲ್ಲಿ ಬಂದೂಕು, ಗುಂಡು ಎಂದಿದೆಯೇ ಹೊರತು ಮ್ಯಾಗಜಿನ್ ಎಂಬ ಮಾತಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಭಾವ ದಸರಾ ರಜೆಗೆ ಕರೆದಾಗ, ಬಂದೂಕನ್ನೂ ತಾ ಎಂದಿದ್ದರು. ಕಳಚುವ ಮ್ಯಾಗಜಿನ್ ಹಾಕಬಹುದಾದ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಅಲ್ಲಿ ಆಕ್ರಮಣಕಾರಿ ಆಯುಧಗಳ ಪಟ್ಟಿಯಲ್ಲಿದೆ. ಮ್ಯಾಗಜಿನ್ ಚಿಕ್ಕದಾದರೂ ಪ್ರಯೋಜನವಿಲ್ಲ. "ಭಾವ, ನಾನು ಬರುತ್ತೇನೆ, ಅದು ಬರುವುದಿಲ್ಲ" ಎಂದೆ. ಮ್ಯಾಸಚೂಸೆಟ್ಸ್‌ನಲ್ಲಿ ಶಾಟ್‌ಗನ್ನಿನ ಮಿತಿ ಐದು ತೋಟಾ. ಕೊಲೊರಾಡೊದಲ್ಲೇ 2021ರಿಂದ ಊರು, ಕೌಂಟಿಗಳು ರಾಜ್ಯಕ್ಕಿಂತ ಬಿಗಿ ನಿಯಮ ಮಾಡಿಕೊಳ್ಳಬಹುದು. ಹಾಗಾಗಿ ಪ್ರತಿ ವರ್ಷ ಸ್ಪರ್ಧೆಗಳು ಶುರುವಾಗುವ ಮೊದಲು ರಾಜ್ಯದ ಶಾಸನವನ್ನೂ ನಮ್ಮ ಊರಿನ ನಿಯಮವನ್ನೂ ಹೊಸದಾಗಿ ತೆಗೆದು ಓದುತ್ತೇನೆ.

ಡೆನ್ವರ್‌ಗೆ ಬಂದ ಮೇಲೆ ಎಂಟರ ಪೆಟ್ಟಿಗೆ ಮ್ಯಾಗಜಿನ್ ಮೂರು ಕೊಂಡೆ. ಡ್ರಮ್ ಇದ್ದಾಗ ಕಲಿಯದ ವಿದ್ಯೆಯನ್ನು ಇವು ಕಲಿಸಿದವು. ಖಾಲಿಯಾಗುವ ಮೊದಲೇ ಎಣಿಸಿ ಬದಲಿಸಬೇಕು. ಚಳಿಗಾಲದ ರಾತ್ರಿಗಳಲ್ಲಿ ಮದ್ದಿಲ್ಲದ ಅಭ್ಯಾಸದ ತೋಟಾಗಳನ್ನು ತುಂಬಿಕೊಂಡು ನೆಲಮಾಳಿಗೆಯಲ್ಲಿ ಬದಲಿಸುವುದನ್ನು ಅಭ್ಯಾಸ ಮಾಡುತ್ತೇನೆ. ಒಂದು, ಎರಡು, ಮೂರು ಎಂದು ಬಾಯಿಬಿಟ್ಟೇ ಎಣಿಸುತ್ತೇನೆ, ಏಳಕ್ಕೆ ಎಡಗೈ ಸೊಂಟದ ಚೀಲಕ್ಕೆ ಇಳಿದಿರಬೇಕು. ಮೆಟ್ಟಿಲ ಮೇಲೆ ಕೂತ ಮಗಳು ನಾನು ತಪ್ಪಿದಾಗಲೆಲ್ಲ ಸಂಖ್ಯೆ ತಿದ್ದುತ್ತಾಳೆ.