ಸೈರನ್‌ಗೆ ಕಾಯದೆ ಎತ್ತರಕ್ಕೆ ಸೇರುವುದು ಹೇಗೆ?

2011ರ ಮಾರ್ಚ್ 11, ಮಧ್ಯಾಹ್ನ 2.46. ಜಪಾನಿನ ಈಶಾನ್ಯ ಕರಾವಳಿ ನಡುಗಿತು. ಮೂರೇ ನಿಮಿಷದಲ್ಲಿ ಸುನಾಮಿ ಎಚ್ಚರಿಕೆ ಹೊರಟಿತು. ಇವಾತೆ ಪ್ರಾಂತ್ಯಕ್ಕೆ ಹೇಳಿದ್ದು 3 ಮೀಟರ್ ಅಲೆ. ‘ತಡೆಗೋಡೆ ಅದಕ್ಕಿಂತ ಎತ್ತರ ಇದೆಯಲ್ಲ’ ಎಂದು ಎಷ್ಟೋ ಜನ ಸುಮ್ನೆ ಉಳಿದುಬಿಟ್ಟರು. ಲೆಕ್ಕ ತಿದ್ದಿ 6 ಮೀಟರ್, ಆಮೇಲೆ 10 ಮೀಟರ್‌ಗೂ ಜಾಸ್ತಿ ಎಂದು ಹೇಳುವ ಹೊತ್ತಿಗೆ ಕರೆಂಟ್ ಹೋಗಿತ್ತು. ಆ ಮಾತು ಬಹಳ ಮಂದಿಗೆ ಮುಟ್ಟಲೇ ಇಲ್ಲ.

ಹಾಗಾದರೆ ಕಡಲ ಪಕ್ಕ ಇರುವವರು ಏನು ಮಾಡಬೇಕು?

ದಾರಿ ಇವತ್ತೇ ನೋಡಿಡಿ. ಮನೆಯಿಂದ ಹತ್ತಿರದ ಗುಡ್ಡಕ್ಕೆ ಅಜ್ಜಿ, ಮಕ್ಕಳನ್ನು ಕರೆದುಕೊಂಡು ಒಮ್ಮೆ ನಡೆದು ನೋಡಿ. ಎಷ್ಟು ನಿಮಿಷ ಬೇಕಾಯಿತು? ಕತ್ತಲಲ್ಲೂ ಒಂದು ಸಲ ಹೋಗಿ.

ನೆಲ ಜೋರಾಗಿ ನಡುಗಿದರೆ ಅದೇ ಸೈರನ್. ನಡುಕ ತುಂಬಾ ಹೊತ್ತು ನಿಲ್ಲದಿದ್ದರೂ ಅಷ್ಟೇ. ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದು ಮರಳ ಮೇಲೆ ಮೀನು ವಿಲವಿಲ ಒದ್ದಾಡುತ್ತಿದ್ದರೆ ಆರಿಸಲು ಹೋಗಬೇಡಿ, ಓಡಿ.

ಆದಷ್ಟು ಕಾಲ್ನಡಿಗೆಯಲ್ಲೇ ಹೋಗಿ. 2012ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಂಡಾ ಆಚೆ ನಗರದಲ್ಲಿ ನೆಲ ನಡುಗಿದಾಗ ಎಲ್ಲರೂ ಗಾಡಿ ತೆಗೆದರು, ರಸ್ತೆಯೇ ಕಟ್ಟಿಕೊಂಡಿತು. ಅವತ್ತು ದೊಡ್ಡ ಅಲೆ ಬರಲಿಲ್ಲ.

ತಲುಪಿದ ಮೇಲೂ ಸುತ್ತ ಕಣ್ಣಾಡಿಸಿ. ಇದನ್ನು ಇವಾತೆಯ ಕಮೈಶಿ ಊರಿನ ಮಕ್ಕಳಿಂದ ಕಲಿಯಬೇಕು. ಅವರ ಶಾಲೆ ಸುನಾಮಿ ನಕ್ಷೆಯ ಅಪಾಯದ ಗೆರೆಯಿಂದ ಹೊರಗಿತ್ತು. ಆದರೂ 2011ರ ಆ ದಿನ ಹೈಸ್ಕೂಲಿನ ಮಕ್ಕಳು ಓಡಿದರು. ಮೂರನೇ ಮಹಡಿ ಹತ್ತಿದ್ದ ಪಕ್ಕದ ಪ್ರಾಥಮಿಕ ಶಾಲೆಯ ಪುಟಾಣಿಗಳು ಅದನ್ನು ನೋಡಿ ಇಳಿದು ಬಂದರು. ಗೊತ್ತುಮಾಡಿದ್ದ ಜಾಗ ತಲುಪಿದರೆ ಅಲ್ಲಿ ಹಿಂದಿನ ದಿಬ್ಬ ಕುಸಿಯುತ್ತಿತ್ತು. ದೊಡ್ಡವರು ಚಿಕ್ಕವರ ಕೈ ಹಿಡಿದು ಇನ್ನೂ ಮೇಲಕ್ಕೆ ಹೋದರು. ಅವರು ಬಿಟ್ಟುಬಂದ ಆ ಮೊದಲ ಜಾಗ ಮುಳುಗಿತು. ಪ್ರಾಥಮಿಕ ಶಾಲೆಯ ಮೂರನೇ ಮಹಡಿಗೆ ಒಂದು ಕಾರು ಬಂದು ಸಿಕ್ಕಿಕೊಂಡಿತ್ತು. ಓಡಿದ ಮಕ್ಕಳು ಉಳಿದರು.

ನಮ್ಮ ಕಾರವಾರ, ಉಡುಪಿ, ಮಂಗಳೂರಿನ ಮಾತು ಸ್ವಲ್ಪ ಬೇರೆ. 1945ರಲ್ಲಿ ದೂರದ, ಈಗಿನ ಪಾಕಿಸ್ತಾನದ ಮಕ್ರಾನ್ ತೀರದಲ್ಲಿ ಎದ್ದ ಅಲೆ ಮುಂಬೈಯಲ್ಲೂ ಜೀವ ತೆಗೆದಿತ್ತು. ಅಷ್ಟು ದೂರದ ನಡುಕ ನಮ್ಮ ಕಾಲಿಗೆ ಗೊತ್ತಾಗದೇ ಹೋಗಬಹುದು. ಆಗ ನಂಬಬೇಕಾದ್ದು ದೇಶಕ್ಕೆಲ್ಲ ಸುನಾಮಿ ಸುದ್ದಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಕೇಂದ್ರದ ಎಚ್ಚರಿಕೆಯನ್ನೇ. ಫೋನ್ ಇಲ್ಲದ ಮನೆಗೆ ಯಾರು ಹೋಗಿ ಹೇಳಬೇಕು, ದೇವಸ್ಥಾನದ ಮೈಕ್ ಯಾರು ಹಿಡಿಯಬೇಕು ಎಂದು ಊರಿನವರು ಈಗಲೇ ಮಾತಾಡಿಕೊಳ್ಳಬೇಕು, ಅಲ್ವಾ? ಆಳ ಕಡಲಿನಲ್ಲಿರುವ ಬೋಟುಗಳು ಬಂದರಿಗೆ ವಾಪಸ್ ಬರಬಾರದು.

ಮೊದಲ ಅಲೆ ಹೋಯಿತೆಂದು ಇಳಿಯಬೇಡಿ. ಎರಡನೆಯದೋ ಮೂರನೆಯದೋ ಅದಕ್ಕಿಂತ ದೊಡ್ಡದಿರಬಹುದು, ಗಂಟೆಗಟ್ಟಲೆ ಬರುತ್ತಲೇ ಇರಬಹುದು. ‘ಇನ್ನು ಇಳಿಯಬಹುದು’ ಎಂದು ಅಧಿಕಾರಿಗಳು ಹೇಳುವವರೆಗೂ ಮೇಲೆಯೇ ಇರಿ.